ಸ್ಕೌಸ್, ಜಾರ್ಡಿ, ಗ್ಲಾಸ್ಗೋ, ವೆಲ್ಷ್: ಮಾತಿನ ಧಾಟಿ ಕೇಳಿ ದೇಶ ಹೇಳಬಹುದಾ?

ಲೀಡ್ಸ್_ಲೆಕ್ಕಿಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬ್ರಿಟನ್‌ನಲ್ಲಿ ಇರುವವರಿಗೆ ಈ ಪ್ರಶ್ನೆ.

ನಾನು ಲೀಡ್ಸ್‌ನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ನಮ್ಮ ಸಾಲಿನಲ್ಲಿ ಗ್ಲಾಸ್ಗೋದವನು ಒಬ್ಬ, ಲಿವರ್‌ಪೂಲ್‌ನವಳು ಒಬ್ಬಳು, ಸ್ವಾನ್ಸಿಯ ಹಿರಿಯರು ಒಬ್ಬರು, ಇನ್ನಿಬ್ಬರು ಇಲ್ಲಿಯವರೇ, ಯಾರ್ಕ್‌ಶೈರ್. ಬೆಳಿಗ್ಗೆ ಬಂದಾಗಿನಿಂದ ಒಬ್ಬರ ಕಾಲು ಒಬ್ಬರು ಎಳೆಯುತ್ತಲೇ ಇರುತ್ತಾರೆ. ಗ್ಲಾಸ್ಗೋದವನು ಫೋನ್ ಇಟ್ಟರೆ ಸಾಕು, "ಯಾರಾದರೂ ಈಗ ಇದನ್ನು ಇಂಗ್ಲಿಷಿಗೆ ಅನುವಾದ ಮಾಡಿ" ಎನ್ನುತ್ತಾರೆ. ಅವನೂ ಸುಮ್ಮನಿರುವವನಲ್ಲ. "ಯಾರ್ಕ್‌ಶೈರ್‌ನವರು 'ದಿ' ಅನ್ನುವ ಪದವನ್ನೇ ನುಂಗಿದ್ದೀರಿ, ಮೊದಲು ಅದನ್ನು ಉಗುಳಿ" ಎಂದು ತಿರುಗಿಸುತ್ತಾನೆ.

ಇದೆಲ್ಲ ಕೇಳಲು ಚೆನ್ನಾಗಿಯೇ ಇರುತ್ತದೆ. ಆದರೆ ಇಂಗ್ಲೆಂಡ್ ಫುಟ್‌ಬಾಲ್ ಪಂದ್ಯ ಬಂದ ದಿನ ನನಗೆ ಗೊಂದಲ. ಗ್ಲಾಸ್ಗೋದವನು ಎದುರಾಳಿ ಯಾರೇ ಇರಲಿ, ಅವರ ಕಡೆ. ಅದು ಅರ್ಥವಾಗುತ್ತದೆ, ಸ್ಕಾಟ್ಲೆಂಡ್ ಬೇರೆ. ಆದರೆ ಲಿವರ್‌ಪೂಲ್‌ನವಳೂ "ನಾನು ಇಂಗ್ಲಿಷ್ ಅಲ್ಲ, ಸ್ಕೌಸ್" ಎನ್ನುತ್ತಾಳೆ. ಸ್ಕೌಸ್ ಅಂದರೆ ಲಿವರ್‌ಪೂಲ್‌ನವರು, ಅವರ ಮಾತು. ಲಿವರ್‌ಪೂಲ್ ಇರುವುದು ಇಂಗ್ಲೆಂಡಿನಲ್ಲೇ ಅಲ್ವಾ?

ನನ್ನ ಪ್ರಶ್ನೆ ಎರಡು. ಇವರಿಗೆ ದೇಶ ಅನ್ನುವುದು ಆಕ್ಸೆಂಟ್‌ನಲ್ಲಿ ಇದೆಯಾ? ನಾನೂ ಈ ಹರಟೆಗೆ ಸೇರಬೇಕು ಅಂದರೆ ಯಾವುದನ್ನು ಹೇಳಬಹುದು, ಯಾವುದನ್ನು ಹೇಳಬಾರದು? ನನ್ನ ಹತ್ತಿರ ಈಗ ಬ್ರಿಟಿಷ್ ಪಾಸ್‌ಪೋರ್ಟ್ ಇದೆ. "ಹಾಗಾದರೆ ನೀನು ಯಾರ ಕಡೆ?" ಎಂದು ದಿನಾ ಕೇಳುತ್ತಾರೆ. ಒಂದು ಒಳ್ಳೆಯ ಉತ್ತರ ಬೇಕು.

ಟೈನ್_ದಡದವಳು ಉತ್ತರ:

ಇದು ನನ್ನ ಇಷ್ಟದ ವಿಷಯ, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಾನು ನ್ಯೂಕಾಸಲ್‌ನಲ್ಲಿ ಹೆರಿಗೆ ವಾರ್ಡಿನ ನರ್ಸ್. ಇಲ್ಲಿ ಹುಟ್ಟುವ ಪ್ರತಿ ಮಗುವೂ 'ಬೇರ್ನ್'. ತಾಯಿ, ಡಾಕ್ಟರ್, ನೆಲ ಒರೆಸುವವರು, ಎಲ್ಲರೂ ಒಬ್ಬರಿಗೊಬ್ಬರು ಪ್ರೀತಿಯಿಂದ 'ಪೆಟ್', ಇಲ್ಲವೇ 'ಹಿನ್ನಿ'. ಈ ಜಾರ್ಡಿ, ಅಂದರೆ ನ್ಯೂಕಾಸಲ್ ಕಡೆಯ, ಮಾತಿನ ನಡುವೆ ಕೆಲಸ ಮಾಡಿ ನನಗೆ ಇದರ ಮೇಲೆ ಪ್ರೀತಿ ಬಂದುಬಿಟ್ಟಿದೆ.

ಮೊದಲು ಒಂದು ಮಾತು. ಇಲ್ಲಿ ಬಾಯಿ ಬಿಟ್ಟರೆ ಗೊತ್ತಾಗುವುದು ಊರು, ದೇಶವಲ್ಲ. ನಮ್ಮ ವಾರ್ಡಿನಲ್ಲಿ ಸಂಡರ್‌ಲ್ಯಾಂಡ್‌ನವಳು ಒಬ್ಬಳಿದ್ದಾಳೆ. ಸಂಡರ್‌ಲ್ಯಾಂಡ್ ಇಲ್ಲಿಂದ ಸುಮಾರು 20 ಕಿಲೋಮೀಟರ್. ಮೆಟ್ರೋ ರೈಲಿನಲ್ಲೇ ಹೋಗಬಹುದು. ಹೊರಗಿನವರ ಕಿವಿಗೆ ಇಬ್ಬರ ಮಾತೂ ಒಂದೇ. ಆದರೆ ಅವಳನ್ನು ಜಾರ್ಡಿ ಎಂದು ಕರೆದು ನೋಡಿ! ಅವಳು 'ಮ್ಯಾಕೆಮ್'. 'ಬಾ, ನಡಿ' ಅನ್ನಲು ನಾವು 'ಹೌವೇ' ಅಂದರೆ ಅವಳು 'ಹಾವೇ' ಅನ್ನುತ್ತಾಳೆ. ಆ ಒಂದು ಸ್ವರ ಸಾಕು, ಯಾವ ಫುಟ್‌ಬಾಲ್ ಕ್ಲಬ್ಬು, ಯಾವ ನದಿ, ಯಾವ ಹಡಗುಕಟ್ಟೆಯ ಜನ ಎಂದು ಎಲ್ಲ ಹೇಳಿಬಿಡುತ್ತದೆ.

ಈಗ ಸ್ಕಾಟ್ಲೆಂಡಿನ ಗಡಿಗೆ ಬನ್ನಿ. ಇಲ್ಲೇ ನನಗೆ ಅತಿ ಸೋಜಿಗ ಎನಿಸುವ ವಿಷಯ ಇರುವುದು. ನ್ಯೂಕಾಸಲ್‌ನವರು 'ಟೌನ್' ಅನ್ನುವುದಿಲ್ಲ, 'ಟೂನ್' ಅನ್ನುತ್ತಾರೆ. ಸ್ಕಾಟ್ಲೆಂಡಿನ ಸ್ಕಾಟ್ಸ್ ಮಾತಿನಲ್ಲೂ 'ಟೂನ್'. ಮಗುವಿಗೆ ಅಲ್ಲೂ 'ಬೇರ್ನ್'. ಏಕೆಂದರೆ ಒಂದು ಕಾಲಕ್ಕೆ ಇದೆಲ್ಲ ಒಂದೇ ರಾಜ್ಯ. ಏಳನೇ ಶತಮಾನದ ನಾರ್ಥಂಬ್ರಿಯಾ ದಕ್ಷಿಣದ ಹಂಬರ್‌ನಿಂದ ಉತ್ತರದ ಫೋರ್ತ್‌ವರೆಗೆ ಹಬ್ಬಿತ್ತು. ಈಗಿನ ಎಡಿನ್‌ಬರೋ ಅದರೊಳಗೇ ಇತ್ತು. ಅಲ್ಲಿ ಬೇರು ಬಿಟ್ಟ ಹಳೆಯ ಇಂಗ್ಲಿಷೇ ಮುಂದೆ ಸ್ಕಾಟ್ಸ್ ಆಯಿತು. ದಕ್ಷಿಣದಲ್ಲಿ ಸ್ವರಗಳು ಬದಲಾದವು, ಉತ್ತರದಲ್ಲಿ ಈ 'ಊ' ಹಾಗೇ ಉಳಿಯಿತು. ಎರಡು ರಾಜ್ಯಗಳ ಗಡಿಯನ್ನು ಕಾಗದದ ಮೇಲೆ ಒಪ್ಪಿಕೊಂಡದ್ದು ಆಮೇಲೆ, 1237ರ ಯಾರ್ಕ್ ಒಪ್ಪಂದದಲ್ಲಿ. ಅಂದರೆ ಮಾತು ಮೊದಲು, ಗೆರೆ ಆಮೇಲೆ. ನಿಮ್ಮ ಗ್ಲಾಸ್ಗೋ ಗೆಳೆಯನಿಗೂ ನಮ್ಮ ಜಾರ್ಡಿಗಳಿಗೂ ಮಾತಿನಲ್ಲಿ ನೆಂಟಸ್ತನ ಇದೆ. ಲಂಡನ್ನಿನ ಜೊತೆ ಇಬ್ಬರಿಗೂ ಅಷ್ಟಿಲ್ಲ.

ಆದರೆ ಗೆರೆ ಬಿದ್ದ ಮೇಲೆ ಅದೂ ಸುಮ್ಮನೆ ಕೂರಲಿಲ್ಲ. ನಾವು ಒಮ್ಮೆ ಬೆರಿಕ್‌ಗೆ ಹೋಗಿ ಅಲ್ಲಿಂದ ಐಮತ್‌ಗೆ ಹೋದೆವು. ಬೆರಿಕ್ ಇಂಗ್ಲೆಂಡಿನ ತುತ್ತತುದಿ. ಹಲವು ಸಲ ಕೈ ಬದಲಾಗಿ 1482ರಿಂದ ಇಂಗ್ಲೆಂಡಿನ ಕೈಯಲ್ಲಿದೆ. ಅಲ್ಲಿನ ಫುಟ್‌ಬಾಲ್ ತಂಡ ಬೆರಿಕ್ ರೇಂಜರ್ಸ್ ಮಾತ್ರ ಇವತ್ತಿಗೂ ಆಡುವುದು ಸ್ಕಾಟ್ಲೆಂಡಿನ ಲೀಗ್‌ನಲ್ಲಿ. ಐಮತ್ ಗಡಿಯಾಚೆಯ ಮೀನುಗಾರರ ಊರು, ಹತ್ತಿರವೇ. ಐಮತ್‌ನ ಅಂಗಡಿಯಲ್ಲಿ 'ಕಾರ್', 'ಹಾರ್ಬರ್' ಅಂದಾಗ ಕೊನೆಯ 'ರ್' ಗಟ್ಟಿಯಾಗಿ ಕೇಳಿಸಿತು. ಬೆರಿಕ್‌ನಲ್ಲಿ ಅದು ಹೆಚ್ಚುಕಡಿಮೆ ಮಾಯ. ಭಾಷೆಯ ವಿದ್ವಾಂಸರೂ ಈ ಗಡಿಯ ಊರುಗಳಲ್ಲಿ ಕೂತು ಇದನ್ನೇ ದಾಖಲಿಸಿದ್ದಾರೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೌದು ಮತ್ತು ಅಲ್ಲ, ಎರಡೂ. ಆಕ್ಸೆಂಟ್ ಹುಟ್ಟುವುದು ಊರಿನಲ್ಲಿ. ಆದರೆ ಜನ ತಮ್ಮನ್ನು ಯಾರು ಎಂದುಕೊಳ್ಳುತ್ತಾರೋ ಆ ಕಡೆಗೆ ನಾಲಿಗೆ ನಿಧಾನವಾಗಿ ವಾಲುತ್ತದೆ.

ಲಿವರ್‌ಪೂಲ್ ಕತೆ ಬೇರೆ. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಐರ್ಲೆಂಡಿನಿಂದ ಜನ ಹಡಗು ಹಡಗಾಗಿ ಅಲ್ಲಿಗೆ ಬಂದಿಳಿದರು. 1851ರ ಜನಗಣತಿಯ ಹೊತ್ತಿಗೆ ಆ ನಗರದ ಐದರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಐರ್ಲೆಂಡಿನಲ್ಲಿ ಹುಟ್ಟಿದವರು. ಪಕ್ಕದ ವೇಲ್ಸ್‌ನಿಂದಲೂ ಬಹಳ ಜನ ಬಂದರು. ಲ್ಯಾಂಕಶೈರ್ ಮಾತಿನ ಮೇಲೆ ಇವರೆಲ್ಲರ ಧಾಟಿ ಬಿದ್ದು ಸ್ಕೌಸ್ ಆಯಿತು. ಹಡಗಿನವರು ತಿನ್ನುತ್ತಿದ್ದ ಲಾಬ್‌ಸ್ಕೌಸ್ ಎಂಬ ಮಾಂಸದ ಸಾರಿನಿಂದ ಆ ಹೆಸರು. ಆ ಊರಿಗೆ ಲಂಡನ್ ಸರ್ಕಾರದ ಮೇಲೆ ಹಳೆಯ ಮುನಿಸೂ ಇದೆ. 2022ರ ಎಫ್‌ಎ ಕಪ್ ಫೈನಲ್‌ನಲ್ಲಿ ರಾಷ್ಟ್ರಗೀತೆಗೆ ಲಿವರ್‌ಪೂಲ್ ಅಭಿಮಾನಿಗಳು ಕೂಗು ಹಾಕಿದ್ದು ನೆನಪಿರಬಹುದು. ನಿಮ್ಮ ಸಹೋದ್ಯೋಗಿ ಹೇಳಿದ ಮಾತು ಆ ಊರಿನವರು ಬ್ಯಾನರ್ ಮೇಲೂ ಬರೆಯುವಂಥದ್ದು. ಅವಳು ತಮಾಷೆ ಮಾಡುತ್ತಿರಬಹುದು, ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜ.

ಹಾಗೆಂದು ಇಂಥ ಅಭಿಮಾನವೆಲ್ಲ ಬೇರೆ ಸರ್ಕಾರ ಕೇಳುತ್ತದೆ ಅಂತಲ್ಲ. 2004ರಲ್ಲಿ ನಮ್ಮ ಈಶಾನ್ಯ ಇಂಗ್ಲೆಂಡಿಗೆ ಪ್ರಾದೇಶಿಕ ಸಭೆ ಬೇಕಾ ಎಂದು ಮತಕ್ಕೆ ಹಾಕಿದರು. 78% ಜನ ಬೇಡ ಎಂದರು. ಜಾರ್ಡಿಗೆ ತನ್ನ ಮಾತು, ತನ್ನ ನದಿ, ತನ್ನ ತಂಡ ಬೇಕು. ಇನ್ನೊಂದು ಕಚೇರಿ ಬೇಡ.

ಇನ್ನು 'ಸರಿಯಾದ' ಇಂಗ್ಲಿಷ್ ವಿಚಾರ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ನಾವು ಹೊರಗಿನಿಂದ ಬಂದವರು ಬಿಬಿಸಿ ಇಂಗ್ಲಿಷೇ ಇಂಗ್ಲೆಂಡಿನ ಮಾತು ಎಂದುಕೊಂಡು ಬಂದಿರುತ್ತೇವೆ. ಆ ಇಂಗ್ಲಿಷನ್ನು ಕಾಪಾಡಿದವರು ಯಾರು ನೋಡಿ. ಬಿಬಿಸಿಯ ಮೊದಲ ಮುಖ್ಯಸ್ಥ ಜಾನ್ ರೀತ್ ಸ್ಕಾಟ್ಲೆಂಡಿನವರು. 1926ರಲ್ಲಿ ಉಚ್ಚಾರಣೆಗೆಂದು ಒಂದು ಸಮಿತಿ ಮಾಡಿದರು. ಅದರ ಕಾರ್ಯದರ್ಶಿ ಲಾಯ್ಡ್ ಜೇಮ್ಸ್ ವೇಲ್ಸ್‌ನವರು. ಮುಂದೆ ಅದರ ಅಧ್ಯಕ್ಷರಾದ ಬರ್ನಾರ್ಡ್ ಷಾ ಡಬ್ಲಿನ್‌ನವರು! ಅದು ಯಾವ ಊರಿನ ಮಾತೂ ಅಲ್ಲ, ದುಬಾರಿ ಶಾಲೆಗಳ ಮಾತು. 1941ರಲ್ಲಿ ಯಾರ್ಕ್‌ಶೈರ್‌ನ ವಿಲ್ಫ್ರೆಡ್ ಪಿಕಲ್ಸ್ ರೇಡಿಯೋದಲ್ಲಿ ಇಡೀ ದೇಶಕ್ಕೆ ವಾರ್ತೆ ಓದಿದರು. ಯಾರ್ಕ್‌ಶೈರ್ ಧಾಟಿಯನ್ನು ಜರ್ಮನರು ನಕಲು ಮಾಡಿ ಸುಳ್ಳು ವಾರ್ತೆ ಓದುವುದು ಕಷ್ಟ ಎಂಬುದೂ ಇದಕ್ಕೆ ಒಂದು ಕಾರಣ. ಯುದ್ಧ ನಡೆಯುತ್ತಿದ್ದರೂ ದೇಶದ ಒಂದಷ್ಟು ಜನ ಅವರ ಧಾಟಿಗೆ ಮೂಗು ಮುರಿದರು. ಹೀಗೆ ಮೂಗು ಮುರಿಯುವುದು ಈಗಲೂ ನಿಂತಿಲ್ಲ. ಬರ್ಮಿಂಗ್‌ಹ್ಯಾಮ್‌ನವರನ್ನು ಕೇಳಿ. ಎಷ್ಟೋ ಸಮೀಕ್ಷೆಗಳಲ್ಲಿ ಅವರ ಮಾತನ್ನು ಕೊನೆಯ ಸಾಲಿಗೆ ತಳ್ಳುತ್ತಾರೆ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಅಳತೆ ಇಷ್ಟೇ. ಊರಿನವರು ಊರಿನವರನ್ನು ರೇಗಿಸುವುದು ಹರಟೆ. ಮೇಲೆ ಕೂತವರು ಕೆಳಗಿನವರ ಮಾತನ್ನು ಆಡಿಕೊಳ್ಳುವುದು ಹರಟೆಯಲ್ಲ. ನೀವು ಊಟ ತಿಂಡಿಯಿಂದ ಶುರು ಮಾಡಿ. ಸಣ್ಣ ದುಂಡು ಬ್ರೆಡ್ಡಿಗೆ ಮ್ಯಾಂಚೆಸ್ಟರಿನಲ್ಲಿ 'ಬಾರ್ಮ್', ನಾಟಿಂಗ್‌ಹ್ಯಾಮ್‌ನಲ್ಲಿ 'ಕಾಬ್', ಕವೆಂಟ್ರಿಯಲ್ಲಿ 'ಬ್ಯಾಚ್', ನಿಮ್ಮ ಯಾರ್ಕ್‌ಶೈರ್‌ನಲ್ಲಿ ಕೆಲವರಿಗೆ 'ಟೀಕೇಕ್'. ಮಧ್ಯಾಹ್ನ ಇದೊಂದು ಕೇಳಿ ಕೂತುಬಿಡಿ, ಸಂಜೆಯವರೆಗೆ ಜಗಳ ನಡೆಯುತ್ತದೆ. ಅವರ ಧಾಟಿಯನ್ನು ಮಾತ್ರ ಅಣಕಿಸಿ ತೋರಿಸಬೇಡಿ. ಲಿವರ್‌ಪೂಲ್‌ನವರ ಮುಂದೆ ಹಿಲ್ಸ್‌ಬರೋ ವಿಷಯವನ್ನು ತಮಾಷೆಗೆ ಎಂದೂ ತರಬೇಡಿ. 1989ರಲ್ಲಿ ಆ ಫುಟ್‌ಬಾಲ್ ಮೈದಾನದ ನೂಕುನುಗ್ಗಲಿನಲ್ಲಿ ಸಿಲುಕಿ 97 ಜನ ಸತ್ತರು. ಅದು ಅವರ ಮನೆಮನೆಯ ನೋವು.

ಗ್ಲಾಸ್ಗೋ_ಮಳೆ ಉತ್ತರ:

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ಒಂದು ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಅಣಕಿಸಬೇಡಿ ಎಂದಿರಿ. ನಮ್ಮ ಗ್ಲಾಸ್ಗೋದಲ್ಲಿ ಅಣಕಿಸದಿದ್ದರೆ ಇವನಿಗೆ ನಮ್ಮ ಮೇಲೆ ಬೇಸರವೇನೋ ಎಂದುಕೊಳ್ಳುತ್ತಾರೆ. 'ಹೌದು' ಅನ್ನಲು ನಾನು 'ಆಯ್' ಅಂದ ಮೊದಲ ದಿನ ಇಡೀ ವರ್ಕ್‌ಶಾಪ್ ಚಪ್ಪಾಳೆ ಹೊಡೆಯಿತು. ಸ್ನೇಹ ಆದ ಮೇಲೆ ಎಲ್ಲ ನಡೆಯುತ್ತದೆ. ಸ್ನೇಹಕ್ಕೆ ಮುಂಚೆ ಬೇಡ, ಅದು ನಿಜ.

ಲೀಡ್ಸ್ ಗೆಳೆಯರೆ, ನಿಮ್ಮ ಗ್ಲಾಸ್ಗೋದವನಿಗೆ ಇಂಗ್ಲೆಂಡ್ ಸೋಲುವುದು ಹಬ್ಬ. ಇದು ಇಂದಿನದಲ್ಲ. ಫುಟ್‌ಬಾಲ್‌ನ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯವೇ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ, 1872ರಲ್ಲಿ ಗ್ಲಾಸ್ಗೋದಲ್ಲಿ ನಡೆಯಿತು. ಗೋಲೇ ಇಲ್ಲದೆ ಮುಗಿಯಿತು. ಅಂದಿನಿಂದ ಆ ಲೆಕ್ಕ ಚುಕ್ತಾ ಆಗಿಲ್ಲ. ಅದರಲ್ಲಿ ದ್ವೇಷ ಹುಡುಕಬೇಡಿ. ಅವನ ಅರ್ಧ ನೆಂಟರು ಇಂಗ್ಲೆಂಡಿನಲ್ಲೇ ಇರಬಹುದು.

ಆದರೆ ಒಂದು ಗಂಭೀರ ಮಾತು. 2014ರ ಜನಮತದಲ್ಲಿ 45% ಜನ ಸ್ವತಂತ್ರ ಸ್ಕಾಟ್ಲೆಂಡ್ ಬೇಕೆಂದರು, 55% ಬೇಡವೆಂದರು. ಒಂದೇ ಮನೆಯೊಳಗೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಎರಡೂ ಕಡೆಯವರ ಮಾತಿನ ಧಾಟಿ ಮಾತ್ರ ಒಂದೇ. ಅವನು ಯಾವ ಕಡೆ ಎಂದು ಆಕ್ಸೆಂಟ್ ಕೇಳಿ ಊಹಿಸಲು ಹೋಗಬೇಡಿ.

ನನಗೆ ಈ ಊರಿನಲ್ಲಿ ತುಂಬ ಹಿಡಿಸಿದ್ದು ಇನ್ನೊಂದು. ಹಂಜಾ ಯೂಸುಫ್ ಇಲ್ಲೇ ಹುಟ್ಟಿದವರು, ತಂದೆ ಪಾಕಿಸ್ತಾನದಿಂದ ಬಂದವರು. ಸ್ಕಾಟ್ಲೆಂಡ್ ಸಂಸತ್ತಿನಲ್ಲಿ ಉರ್ದುವಿನಲ್ಲೂ ಪ್ರಮಾಣ ವಚನ ಮಾಡಿದವರು. 2023ರಲ್ಲಿ ಅವರೇ ಸ್ಕಾಟ್ಲೆಂಡಿನ ಫಸ್ಟ್ ಮಿನಿಸ್ಟರ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯಸ್ಥ, ಆದರು. ಅವರು ಬಾಯಿ ಬಿಟ್ಟರೆ ಗ್ಲಾಸ್ಗೋ. ಅವರ ರಾಜಕೀಯವನ್ನು ಬೈಯುವವರು ಬೇಕಾದಷ್ಟು ಜನ ನನ್ನ ವರ್ಕ್‌ಶಾಪ್‌ನಲ್ಲೇ ಇದ್ದರು. ಅವರು ಸ್ಕಾಟಿಷ್ ಅಲ್ಲ ಎಂದವರನ್ನು ಅಲ್ಲಿ ನಾನು ನೋಡಲಿಲ್ಲ.

ಟ್ಯಾಫ್_ಕ್ರಿಕೆಟ್ ಉತ್ತರ:

ಕಾರ್ಡಿಫ್‌ನಿಂದ ನಮಸ್ಕಾರ. ಎಲ್ಲರೂ ಫುಟ್‌ಬಾಲ್ ಹೇಳಿದಿರಿ, ಕ್ರಿಕೆಟ್ ಬಿಟ್ಟಿರಿ. ವೇಲ್ಸ್‌ನವರ ಕಷ್ಟ ಅಲ್ಲಿದೆ. ರಗ್ಬಿಯಲ್ಲಿ ಇಂಗ್ಲೆಂಡನ್ನು ಸೋಲಿಸಿದರೆ ಇಲ್ಲಿ ಬೀದಿಯಲ್ಲಿ ಕುಣಿಯುತ್ತಾರೆ. ಕ್ರಿಕೆಟ್‌ನಲ್ಲಿ ಅದೇ ಜನ ಇಂಗ್ಲೆಂಡ್ ಗೆಲ್ಲಲಿ ಎನ್ನಬೇಕು, ಏಕೆಂದರೆ ಇಬ್ಬರಿಗೂ ಮಂಡಳಿ ಒಂದೇ, ತಂಡವೂ ಒಂದೇ, ಹೆಸರು ಮಾತ್ರ ಇಂಗ್ಲೆಂಡ್. 1972-73ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡ್ ತಂಡದ ನಾಯಕ ಟೋನಿ ಲೂಯಿಸ್ ಸ್ವಾನ್ಸಿಯವರು. 2005ರ ಆಷಸ್‌ನಲ್ಲಿ ರಿವರ್ಸ್ ಸ್ವಿಂಗ್ ಮಾಡಿ ಆಸ್ಟ್ರೇಲಿಯಾವನ್ನು ಕಂಗೆಡಿಸಿದ ಸೈಮನ್ ಜೋನ್ಸ್ ಕೂಡ ವೇಲ್ಸ್‌ನವರೇ. ನಿಮ್ಮ ಸ್ವಾನ್ಸಿ ಹಿರಿಯರಿಗೆ ಈ ಎರಡು ಹೆಸರು ಹೇಳಿ. ಆಮೇಲೆ 2002ರಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ತಂಡ ಒಂದು ದಿನದ ಪಂದ್ಯದಲ್ಲಿ ಇಂಗ್ಲೆಂಡನ್ನು 8 ವಿಕೆಟ್‌ಗಳಿಂದ ಸೋಲಿಸಿದ್ದನ್ನು ನೆನಪಿಸಿ. ಅವತ್ತಿನ ಟೀ ಅವರ ಲೆಕ್ಕದಲ್ಲಿ.

ಇಲ್ಲಿಯೂ ಧಾಟಿ ಒಂದಲ್ಲ. ಕಾರ್ಡಿಫ್ ಮಾತು ಬೇರೆ, ಕಲ್ಲಿದ್ದಲ ಗಣಿಯ ಕಣಿವೆಗಳ ಹಾಡಿದಂಥ ಮಾತು ಬೇರೆ. ಈಶಾನ್ಯ ವೇಲ್ಸ್‌ಗೆ ಹೋದರೆ ಮಾತಿನಲ್ಲಿ ಲಿವರ್‌ಪೂಲ್ ಇಣುಕುತ್ತದೆ. ಆದರೂ ಅವರು ಪಕ್ಕಾ ವೆಲ್ಷ್.

ತಮಾಷೆ ಮಾಡಬಾರದ ವಿಷಯ ನಮ್ಮಲ್ಲೂ ಒಂದಿದೆ. 1965ರಲ್ಲಿ ಲಿವರ್‌ಪೂಲ್‌ಗೆ ನೀರು ಒದಗಿಸಲು ಟ್ರವೆರಿನ್ ಕಣಿವೆಯ ಕ್ಯಾಪೆಲ್ ಕೆಲಿನ್ ಎಂಬ ಹಳ್ಳಿಯನ್ನು ಮುಳುಗಿಸಿದರು. ವೆಲ್ಷ್ ಮಾತಾಡುವ ಹಳ್ಳಿ ಅದು. ಲಿವರ್‌ಪೂಲ್ ಕೌನ್ಸಿಲ್ ಕ್ಷಮೆ ಕೇಳಿದ್ದು 2005ರಲ್ಲಿ. 2021ರ ಜನಗಣತಿಯಲ್ಲಿ ವೆಲ್ಷ್ ಮಾತಾಡುವವರು ವೇಲ್ಸ್‌ನ ಜನರಲ್ಲಿ ಸುಮಾರು 18% ಮಾತ್ರ. ವೆಲ್ಷ್ ಭಾಷೆಯಲ್ಲಿ ಸ್ವರವೇ ಇಲ್ಲ ಅನ್ನುವ ಹಳೆಯ ಜೋಕನ್ನು ದಯವಿಟ್ಟು ಹೇಳಬೇಡಿ. ಅದರಲ್ಲಿ ಸ್ವರಾಕ್ಷರಗಳೇ ಏಳಿವೆ, ಜೋಕು ಕೇಳಿ ಕೇಳಿ ಇಲ್ಲಿನವರು ದಣಿದಿದ್ದಾರೆ.

ಲೀಡ್ಸ್_ಲೆಕ್ಕಿಗ:

ಎಲ್ಲರಿಗೂ ಧನ್ಯವಾದ. ಬ್ರೆಡ್ಡಿನ ಪ್ರಶ್ನೆ ಇವತ್ತೇ ಕೇಳಿದೆ, ಇನ್ನೂ ನಡೆಯುತ್ತಿದೆ! ಆದರೆ ಮೇಡಂ, ನನ್ನ ಕೊನೆಯ ಪ್ರಶ್ನೆ ಹಾಗೇ ಉಳಿಯಿತು. ಬ್ರಿಟಿಷ್ ಎಂದು ನಾನು ಹೇಳಿಕೊಳ್ಳಬಲ್ಲೆ, ಪಾಸ್‌ಪೋರ್ಟ್ ಇದೆ. ಇಂಗ್ಲಿಷ್ ಎನ್ನಲು ನಾಲಿಗೆ ಏಳುವುದಿಲ್ಲ. ನನ್ನ ಮಗ ಮಾತ್ರ 'ಬಸ್'ಗೆ 'ಬುಸ್' ಅನ್ನುತ್ತಾನೆ. ಅವನು ಏನು?

ಟೈನ್_ದಡದವಳು:

ನಿಮಗೊಬ್ಬರಿಗೇ ಈ ತೊಡಕು ಎಂದುಕೊಳ್ಳಬೇಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿಯಲ್ಲಿ ತಾವು ಇಂಗ್ಲಿಷ್ ಮಾತ್ರ ಎಂದವರು 57.7%. 2021ರಲ್ಲಿ ಅದು 14.9%ಗೆ ಇಳಿಯಿತು. ಬ್ರಿಟಿಷ್ ಮಾತ್ರ ಎಂದವರು 19.1%ರಿಂದ 54.8%ಗೆ ಏರಿದರು. ಹತ್ತು ವರ್ಷದಲ್ಲಿ ಕೋಟಿಗಟ್ಟಲೆ ಜನ ಮನಸ್ಸು ಬದಲಿಸಿದರು ಅಂತಲ್ಲ. ಇಂಗ್ಲೆಂಡಿನ ಫಾರ್ಮ್‌ನಲ್ಲಿ 2021ರಲ್ಲಿ 'ಬ್ರಿಟಿಷ್' ಅನ್ನುವುದನ್ನು ಪಟ್ಟಿಯ ಮೊದಲಿಗೆ ತಂದಿದ್ದರು, ದೊಡ್ಡ ಕಾರಣ ಅದೇ. ಸ್ಕಾಟ್ಲೆಂಡಿನಲ್ಲಿ ಹೀಗೆ ಆಗಲಿಲ್ಲ. ಅಲ್ಲಿ 2022ರಲ್ಲೂ 65.5% ಜನ ಸ್ಕಾಟಿಷ್ ಮಾತ್ರ ಎಂದರು. ಇಂಗ್ಲಿಷ್ ಅನ್ನುವ ಗುರುತು ಹೀಗೆ ಸಡಿಲವಾಗಿ ಇರುವುದರಿಂದಲೇ ಇಲ್ಲಿನವರು ಊರಿನ ಹೆಸರನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ ಎಂದು ನನ್ನ ಅನಿಸಿಕೆ. ಕಾರ್ನ್‌ವಾಲ್‌ನವರು ಒಂದು ಹೆಜ್ಜೆ ಮುಂದೆ ಹೋಗಿ 2014ರಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತರೆಂಬ ಮಾನ್ಯತೆಯನ್ನೇ ಪಡೆದರು.

ಊರಿನ ಹೆಸರಿಗೆ ಪಾಸ್‌ಪೋರ್ಟ್ ಬೇಡ, ಕಿವಿ ಸಾಕು. ನನ್ನ ಮಗಳು ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಜಾರ್ಡಿ. ಒಮ್ಮೆ ಲಂಡನ್ ರೈಲಿನಲ್ಲಿ ಒಬ್ಬರು ಅವಳನ್ನು ಎಲ್ಲಿಯವಳು ಎಂದು ಕೇಳಿದರು. ಅವಳು ಉತ್ತರ ಕೊಡುವ ಮೊದಲೇ ಎದುರಿಗೆ ಕೂತಿದ್ದ, ನ್ಯೂಕಾಸಲ್ ಪಕ್ಕದ ಗೇಟ್ಸ್‌ಹೆಡ್‌ನ ಅಜ್ಜಿ "ಅವಳ ಮಾತು ಕೇಳಿದರೆ ಗೊತ್ತಾಗುವುದಿಲ್ಲವೇ, ನಮ್ಮವಳು" ಎಂದರು. ನಾನು ಆ ಅಜ್ಜಿಯನ್ನು ಮರೆಯುವುದಿಲ್ಲ. ಕ್ರಿಕೆಟಿಗ ಆದಿಲ್ ರಷೀದ್ ಸಂದರ್ಶನ ಕೇಳಿ, ಬ್ರಾಡ್‌ಫರ್ಡ್. ಮೊಯಿನ್ ಅಲಿ ಮಾತು ಕೇಳಿ, ಬರ್ಮಿಂಗ್‌ಹ್ಯಾಮ್. ನಿಮ್ಮ ಮಗ 'ಬುಸ್' ಅನ್ನುತ್ತಾನೆ ಅಂದರೆ ಯಾರ್ಕ್‌ಶೈರ್‌ನವನು, ಅದರಲ್ಲಿ ಅನುಮಾನವೇ ಇಲ್ಲ. ದಯವಿಟ್ಟು ತಿದ್ದಬೇಡಿ.

ಇನ್ನು ನೀವು ಯಾರ ಕಡೆ ಎಂದರೆ, ನೀವೂ ಯಾರ್ಕ್‌ಶೈರ್ ಎನ್ನಿ. ಆ ಇಬ್ಬರು ಸ್ಥಳೀಯರು "ಇಲ್ಲಿ ಹುಟ್ಟಿದವರಿಗೆ ಮಾತ್ರ ಆ ಹೆಸರು" ಎಂದು ಖಂಡಿತ ಹೇಳುತ್ತಾರೆ. ಅವರ ಕ್ರಿಕೆಟ್ ಕ್ಲಬ್ಬಿನಲ್ಲಿ ಬಹುಕಾಲ ನಡೆದುಬಂದ ಪದ್ಧತಿಯೂ ಅದೇ, ಆ ನೆಲದಲ್ಲಿ ಹುಟ್ಟಿದವರೇ ಆಡಬೇಕು. ಆಗ ಕೇಳಿ: 1992ರಲ್ಲಿ ಅದನ್ನು ಬಿಟ್ಟು, ನಿಮ್ಮ ಹೆಡಿಂಗ್ಲಿ ಮೈದಾನಕ್ಕೆ ಮೊದಲ ವಿದೇಶಿ ಆಟಗಾರ ಎಂದು ನೀವು ಕರೆಸಿಕೊಂಡದ್ದು ಯಾರನ್ನು? ಸಚಿನ್ ತೆಂಡೂಲ್ಕರ್ ಹೆಸರು ಅವರ ಬಾಯಿಂದಲೇ ಬರಲಿ. ಗ್ಲಾಸ್ಗೋದವನೂ ಸ್ಕೌಸ್ ಹುಡುಗಿಯೂ ನಿಮ್ಮ ಕಡೆಗೇ ಬರುತ್ತಾರೆ ನೋಡಿ.